ಸೊಸೆಯ ಶಿಬಿರದಲ್ಲಿ ನನ್ನ ಬಾಯಿ

ಮದುವೆಯಾದ ಮೇಲೆ ಜಗಳವಾಡುವುದು ನನಗೆ ಗೊತ್ತಿತ್ತು. ಅದಕ್ಕೆ ಯಾರೂ ಸಾಲೆ ತೆರೆದಿರಲಿಲ್ಲ. ನಲವತ್ತು ವರ್ಷ ಗಂಡನ ಜೊತೆ ಮನೆಯಲ್ಲೇ ಕಲಿತೆ. ಆ ಜಗಳವನ್ನು ಮದುವೆಗೆ ಮೊದಲೇ ಒಂದು ದಿನದ ಶಿಬಿರದಲ್ಲಿ ಮುಗಿಸಿಕೊಳ್ಳಬಹುದು, ಅದಕ್ಕೆ ಜನ ಫೀ ಕೊಟ್ಟು ಬರುತ್ತಾರೆ ಎಂದು ತೋರಿಸಿದವಳು ನನ್ನ ಸೊಸೆ ಸುವರ್ಣಾ. ನಿಶ್ಚಯವಾದ ಐದಾರು ಜೋಡಿಗಳನ್ನು ಒಂದು ಕಡೆ ಕೂಡಿಸುತ್ತಾಳೆ. ಸಿಟ್ಟು ಬಂದರೆ ಏನು ಮಾಡುತ್ತೀರಿ, ಮಕ್ಕಳು ಯಾವಾಗ, ಅತ್ತೆ ಬೈದರೆ ಗಂಡ ಯಾರ ಕಡೆ ಎಂದು ಕೇಳಿ ಕೇಳಿ ಬಾಯಿ ಬಿಡಿಸುತ್ತಾಳೆ. ಕೊನೆಯ ಪ್ರಶ್ನೆ ನಮ್ಮ ಮನೆಯಲ್ಲೇ ಹುಟ್ಟಿದ್ದೆಂಬ ಅನುಮಾನ ನನಗೆ ಇಂದಿಗೂ ಇದೆ.

ಬೀದರದಲ್ಲಿ ಮೊದಲ ಶಿಬಿರ ಚೆನ್ನಾಗಿಯೇ ನಡೆಯಿತು. ಭಾಲ್ಕಿಗೆ ಹೋದಾಗ ಆರು ಜೋಡಿಗೆ ಮೂವತ್ತು ಮಂದಿ ಬಂದರು. ನಿಶ್ಚಯವಾದ ಹುಡುಗಿಯನ್ನು ಹುಡುಗನ ಜೊತೆ ಒಂಟಿಯಾಗಿ ಬಿಡುವ ಪದ್ಧತಿ ಅಲ್ಲಿ ಇನ್ನೂ ಬಂದಿಲ್ಲ. ಸೋದರತ್ತೆ, ದೊಡ್ಡಪ್ಪ, ಹುಡುಗನ ತಾಯಿ, ಎಲ್ಲರೂ ಗೋಡೆಗೆ ಆತು ಸಾಲಾಗಿ ಕುಳಿತರು. ಸುವರ್ಣಾ ‘ನಿಮ್ಮ ಮನಸ್ಸಿನ ಅಂಜಿಕೆ ಹೇಳಿ’ ಎಂದರೆ ಹುಡುಗಿ ಸೋದರತ್ತೆಯ ಮುಖ ನೋಡಿ, “ಏನಿಲ್ರಿ, ಎಲ್ಲಾ ಛಲೋ ಅದ” ಅನ್ನುವಳು. ಆರು ಹುಡುಗಿಯರಿಗೂ ಎಲ್ಲಾ ಛಲೋ ಇತ್ತು. ಹೀಗೆ ಎಲ್ಲಾ ಛಲೋ ಇದ್ದರೆ ಸುವರ್ಣಾಳ ಧಂದೆ ನಡೆಯುವುದು ಹೇಗೆ?

ಅವತ್ತು ಮನೆಗೆ ಬಂದವಳೇ ನನ್ನ ಮುಂದೆ ಕುಳಿತಳು. “ಅತ್ತಿ, ಮುಂದಿನ ಸಲ ನೀವೂ ಬರ್ರಿ. ಹಿರೇರನ್ನ ಬ್ಯಾರೆ ಖೋಲ್ಯಾಗ ಕೂಡಿಸ್ಕೊಂಡು ಕೂಡ್ರಿ. ಆದ್ರ ಒಂದ ಮಾತು. ಜೋಡಿಗೋಳು ಒಳಗ ಆಡಿದ್ದು ಒಳಗೇ ಇರಬೇಕು. ನೀವು ಏನರೆ ಕೇಳಿಸ್ಕೊಂಡ್ರೂ ಯಾರ ಮುಂದೂ ಅನ್ನಬಾರ್ದು.” ನಾನು ಹೂಂ ಅಂದೆ. ನಾನು ಓದಿದ್ದು ಮೂರನೆಯ ಇಯತ್ತೆ; ಸೊಸೆ ಓದಿದವಳು, ಅವಳಾಗಿಯೇ ಕರೆದು ಕೆಲಸ ಕೊಟ್ಟಿದ್ದಾಳೆ ಎಂಬ ಖುಷಿಯಲ್ಲಿ ಏನಕ್ಕಾದರೂ ಹೂಂ ಅನ್ನುತ್ತಿದ್ದೆ.

ಹಿರಿಯರನ್ನು ಸುಮ್ಮನೆ ಕೂಡಿಸಿದರೆ ಕಿವಿ ಬಾಗಿಲ ಕಡೆಗೇ ಇರುತ್ತದೆ. ಅದಕ್ಕೇ ನಾನು ಮನೆಯಿಂದ ತೊಗರಿ ಬೇಳೆಯ ಚೀಲ, ನಾಲ್ಕಾರು ಮೊರ ಒಯ್ಯಲು ಶುರು ಮಾಡಿದೆ. ಮೊರ ಕೈಗೆ ಬಂದರೆ ನಮ್ಮ ಕಡೆಯ ಹೆಂಗಸರಿಗೆ ಲೋಕದ ಪರಿವೆ ಇರುವುದಿಲ್ಲ. ಗಂಡಸರೂ ಕೈ ಹಾಕುತ್ತಾರೆ. ಮೊಮ್ಮಗಳ ಜೊತೆ ಬಂದಿದ್ದ ಒಬ್ಬ ಮುದುಕ ಚಾಚಾ ಕನ್ನಡಕ ಏರಿಸಿಕೊಂಡು ಕಲ್ಲು ಆರಿಸುತ್ತ, “ನಮ್ಮಾಗ ನಿಕಾಹ್ ವಖ್ತಿಗಿ ಹುಡುಗಿನ್ನ ಮೂರು ಸಲ ಕೇಳ್ತಾರ ಆಯಿ. ಮೂರು ಸಲಾನೂ ಪೋರಿ ಹಾಂ ಅಂತಾಳ, ಖರೇ ಹಾಂ ಯಾವ್ದು ಯಾರಿಗಿ ಗೊತ್ತು? ಅದಕ್ಕ ಇಲ್ಲಿ ಕರ್ಕೊಂಡು ಬಂದೀನಿ” ಎಂದ. ಇಂಥ ಮಾತು ಕೇಳುವ ಭಾಗ್ಯ ಮನೆಯಲ್ಲಿ ಕುಳಿತಿದ್ದರೆ ನನಗೆಲ್ಲಿತ್ತು? ಆ ವರ್ಷ ನಮ್ಮ ಮನೆಯ ಸಾರಿನಲ್ಲಿ ಒಂದು ಕಲ್ಲೂ ಹಲ್ಲಿಗೆ ಸಿಗಲಿಲ್ಲವೆಂಬುದು ಮೇಲಿನ ಲಾಭ.

ಹೀಗೆ ನಾಲ್ಕು ಶಿಬಿರ ಮುಗಿದು ಐದನೆಯದು ಔರಾದದಲ್ಲಿ ನಡೆಯಿತು. ಅಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಬಂದಿದ್ದಳು. ಬೀದರದವಳು, ಊರ ಹತ್ತಿರದ ಕೊಳಾರದ ಫ್ಯಾಕ್ಟರಿಯೊಂದರಲ್ಲಿ ಔಷಧಿ ಪ್ಯಾಕ್ ಮಾಡುವ ಕೆಲಸ. ಹುಡುಗ ಸಂತೋಷನದು ಔರಾದದಲ್ಲೇ ಮೊಬೈಲ್ ರಿಪೇರಿ ಅಂಗಡಿ. ನಾನು ಚಹಾ ಒಯ್ದಾಗ ಇಬ್ಬರೂ ತಲೆ ತಗ್ಗಿಸಿ ಕುಳಿತಿದ್ದರು.

“ನಾ ನೌಕರಿ ಬಿಡಂಗಿಲ್ಲ ಅಂತ ನಿಶ್ಚಯದ ದಿನಾನೇ ಹೇಳೀನಿ. ನಿಮ್ಮವ್ವಗ ಹೇಳೀರೇನು?”

“ಮದುವಿ ಆಗ್ಲಿ. ಆಮ್ಯಾಲ ಸಾವಕಾಶ ಹೇಳೋಣು.”

“ಆಮ್ಯಾಲ ನೀವು ಹೇಳ್ತೀರಿ, ಬೈಸ್ಕೊಳ್ಳಾಕಿ ನಾ.”

ಸುವರ್ಣಾ ನನ್ನ ಕಡೆ ಕಣ್ಣು ಹೊರಳಿಸಿದಳು. ಚಹಾ ಇಟ್ಟು ಹೊರಗೆ ಬಂದೆ.

ಹೊರಗೆ ನನ್ನ ಪಕ್ಕದಲ್ಲೇ ಸಂತೋಷನ ತಾಯಿ ಶಾಂತಾಬಾಯಿ ಬೇಳೆ ಕೇರುತ್ತಿದ್ದಳು. “ಇನ್ನ ಎರಡು ತಿಂಗಳು ಆಯಿ. ಸೊಸಿ ಬಂದ್ಳಂದ್ರ ನಾ ರೊಟ್ಟಿ ಬಡಿಯೋದು ಬಂದ್. ಅಕಿಗಿ ನೌಕರಿ ಬಿಡಿಸ್ತೀವಿ. ಆರಾಮ ಮನ್ಯಾಗ ಇರ್ತಾಳ” ಎಂದಳು. ಒಂದು ಸಲ ಅಂದಳು, ಬೇಳೆ ಕೇರಿದೆ. ಎರಡನೆಯ ಸಲ ಅಂದಳು, ಕಲ್ಲು ಆರಿಸಿದೆ. ಮೂರನೆಯ ಸಲ ಅಂದಾಗ ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

“ಅಕಿ ನೌಕರಿ ಬಿಡಂಗಿಲ್ಲ ಅಂತಾಳ. ನಿನ್ನ ಮಗಗೂ ಗೊತ್ತದ. ನಿನ್ನ ರೊಟ್ಟಿ ನೀನೇ ಬಡಿ.”

ಶಾಂತಾಬಾಯಿ ಮೊರ ಕೆಳಗಿಟ್ಟಳು. ಎದ್ದು ಹೋಗಿ ಬಾಗಿಲು ತೆಗೆದು ಎಲ್ಲರ ಮುಂದೆ ಮಗನನ್ನು ಕೇಳಿದಳು. “ಸಂತ್ಯಾ, ನಿಂಗ ಗೊತ್ತಿತ್ತೇನು?” ಅವನು ನೆಲ ನೋಡಿದ. “ಗೊತ್ತಿತ್ತವ್ವ. ಅಂಜಿದ್ದೆ.” ಭಾಗ್ಯಶ್ರೀ ಎದ್ದು ನಿಂತಳು. “ಮುಂಜಾನಿ ರೊಟ್ಟಿ ಬಡಿದೇ ಹೋಗ್ತೇನ್ರಿ ಅತ್ತಿ. ಆದ್ರ ಹೋಗ್ತೇನಿ.” ಶಾಂತಾಬಾಯಿ ಮಗನ ಕಡೆಗೇ ತಿರುಗಿದಳು. “ಮನಿ ಮಾತು ಮಂದಿ ಬಾಯಿಲೆ ಕೇಳೋ ಹಂಗಾತು. ಈ ಮದುವಿ ವಿಚಾರ ಮಾಡಬೇಕಾಗ್ತದ” ಎಂದು ಮಗನನ್ನು ಎಬ್ಬಿಸಿಕೊಂಡು ಹೋದಳು. ಹುಡುಗಿಯ ತಂದೆ ಕೆಂಪಾಗಿ, “ಒಳಗಿನ ಮಾತು ಹೊರಗ ಹಾಕಿದವರು ಯಾರ್ರಿ?” ಎಂದು ಸುವರ್ಣಾಳನ್ನು ಕೇಳಿದರು.

ಆರಿಸಿದ ಬೇಳೆಯನ್ನೇ ನಾನು ಮತ್ತೆ ಆರಿಸುತ್ತಿದ್ದೆ. ಸುವರ್ಣಾ ನನ್ನ ಕಡೆ ನೋಡಲೇ ಇಲ್ಲ. “ತಪ್ಪು ನಮ್ಮದ್ರಿ” ಎಂದಳು. ಅತ್ತೆಯದು ಅನ್ನಲಿಲ್ಲ, ನಮ್ಮದು ಅಂದಳು. ನಾನು ಸೊಸೆಯಾಗಿದ್ದಾಗ ನನ್ನ ಕೈಯಲ್ಲಿ ಹಾಲು ಉಕ್ಕಿದರೂ ನನ್ನ ಅತ್ತೆ ಓಣಿಗೆಲ್ಲ ಸಾರಿ ಬಂದವಳು. ‘ನಮ್ಮದು’ ಎಂಬ ಆ ಒಂದು ಮಾತಿಗೆ ನಾನು ಸಾಯುವತನಕ ಸುವರ್ಣಾಳ ಋಣದಲ್ಲಿದ್ದೇನೆ.

ಆಮೇಲಿನ ಹನ್ನೊಂದು ದಿನ ಸುಲಭವಾಗಿರಲಿಲ್ಲ. ಮದುವೆ ಮುರಿದರೆ ಆ ಹುಡುಗಿಯ ಹೆಸರು ಕೆಡುತ್ತಿತ್ತು, ಸುವರ್ಣಾಳ ಕೆಲಸವೂ ಮುಗಿಯುತ್ತಿತ್ತು. ಭಾಲ್ಕಿಯವರು ಆಗಲೇ ಮುಂದಿನ ಶಿಬಿರ ಬೇಡವೆಂದು ಫೋನು ಮಾಡಿದ್ದರು. ಅವಳು ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳೋ ಶಿಬಿರದ ದನಿಯಲ್ಲಿ, “ಹಂಗ ಅನ್ನಬೇಕು ಅಂತ ನಿಮಗ ಯಾಕ ಅನಿಸ್ತು, ಅತ್ತಿ?” ಎಂದು ಕೇಳಿದಳು. ಅವಳು ಸೊಸೆಯಾಗಿ ಬಂದ ಹತ್ತು ವರ್ಷದಲ್ಲಿ ಮೊದಲ ಸಲ, “ತಪ್ಪಾತವ್ವ, ಇನ್ನ ಬಾಯಿ ಬಿಡಂಗಿಲ್ಲ” ಎಂದೆ. ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅಷ್ಟಕ್ಕೇ ಮುಗಿಸಿದಳು, ಪುಣ್ಯಾತ್ಮಳು.

ಹನ್ನೆರಡನೆಯ ದಿನ ಶಾಂತಾಬಾಯಿಯ ಫೋನು ಬಂತು, ಸುವರ್ಣಾಳಿಗಲ್ಲ, ನನಗೆ. “ವಿಚಾರ ಮಾಡಿದೆ ಆಯಿ. ದಿನಾ ಅಕಿ ಮುಖಾ ನಾ, ನನ್ನ ಮುಖಾ ಅಕಿ ನೋಡ್ಕೋತ ಕುಂತ್ರ ಜಗಳೇ ಬರೋದು. ನೌಕರಿಗಿ ಹೋಗ್ಲಿ ಬಿಡ್ರಿ. ಮೊದ್ಲೇ ಗೊತ್ತಾತು, ಛಲೋ ಆತು. ಮದುವಿಗಿ ಬರ್ರಿ. ಆದ್ರ ನಿಮ್ಮ ಬಾಯಿಗಿ ಒಂದು ಗುಂಡಿ ಹಚ್ಚಿಸ್ಕೋರಿ.”

ಹೋದೆವು, ಉಂಡೆವು. ಆ ಮದುವೆಯ ಸುದ್ದಿ ಹರಡಿ ಭಾಲ್ಕಿಯವರೂ ಮತ್ತೆ ಕರೆದರು. ಆ ಶಿಬಿರದಲ್ಲಿ ಹುಡುಗನ ತಾಯಿಯೊಬ್ಬಳು ಮೊರದ ಮೇಲೆ ಬಗ್ಗಿ ನನ್ನ ಕಿವಿಯಲ್ಲಿ, “ನನಗ ಸೊಸಿ ಜೋಡಿ ಒಂದೇ ಮನ್ಯಾಗ ಇರೋದು ಆಗಂಗಿಲ್ರಿ ಆಯಿ. ಅವರು ಬ್ಯಾರೆ ಮನಿ ಮಾಡಿದ್ರ ಛಲೋ ಇತ್ತು. ಯಾರ ಮುಂದೂ ಅನ್ನಬ್ಯಾಡ್ರಿ ಮತ್ತ” ಎಂದಳು. ನಾಲಿಗೆ ತುರಿಸಿತು. ಸುವರ್ಣಾಳ ಮುಖ ನೆನೆದು ನುಂಗಿಕೊಂಡೆ. ಈ ವಯಸ್ಸಿನಲ್ಲಿ ಸುಧಾರಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಹೆಮ್ಮೆಯಾಯಿತು.

ಅವಳ ಮಗನ ಮದುವೆಯೂ ಆಯಿತು. ಮೊನ್ನೆ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಆಕೆ ಎದುರಾದಳು. ನಕ್ಕೆ. ಆಕೆ ನಗಲಿಲ್ಲ.

“ನಿಮ್ಮ ಬಾಯಿ ಮ್ಯಾಲ ಭರೋಸಾ ಇಟ್ಟು ಹೇಳಿದ್ದೆ ಆಯಿ” ಎಂದಳು. “ನೀವು ಯಾರ ಮುಂದೂ ಅನ್ನಲೇ ಇಲ್ಲ. ಈಗ ನೋಡ್ರಿ, ಇಬ್ಬರೂ ನನ್ನ ಮನ್ಯಾಗೇ ಅದಾರ.”