ಸೋಮವಾರ ಹೂಡದ ಕುದುರೆ

ನಮ್ಮ ಊರಲ್ಲಿ ಒಳ್ಳೆಯ ಕೆಲಸ ಕೆಡಿಸಲು ಹೊರಗಿನವರು ಬರಬೇಕಾಗಿಲ್ಲ. ಮಾಡಿದವರೇ ಸಾಕು. ಇದು ನನಗೆ ಪದೇ ಪದೇ ಆಗುತ್ತದೆ, ಆದರೂ ಬುದ್ಧಿ ಬಂದಿಲ್ಲ.

ಕುಂದಗೋಳ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಅಕ್ಕೋರು. ಸಂಜೆ ಹನ್ನೆರಡು ಮಕ್ಕಳಿಗೆ ಚೆಸ್ ಕಲಿಸುತ್ತೇನೆ. ಅದರಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ನನ್ನನ್ನೇ ಇಪ್ಪತ್ತು ನಡೆಯೊಳಗೆ ಕಟ್ಟಿ ಹಾಕುತ್ತಾಳೆ. ಧಾರವಾಡದಲ್ಲಿ ಹತ್ತು ದಿನದ ತರಬೇತಿ ಶಿಬಿರ, ಶಾಲೆಗೆ ಒಂದೇ ಜಾಗ ಎಂದು ಪತ್ರ ಬಂತು. ಅವಳೇ ಹೋಗಬೇಕು ಎಂದು ನನ್ನ ಹಟ. ಅವಳ ಅಭ್ಯಾಸಕ್ಕೆ ಪುರಾವೆ ಇರಲಿ ಎಂದು ಬೇಸಿಗೆ ರಜೆಯೆಲ್ಲ ವಿಡಿಯೊ ನೋಡಿ ನೋಡಿ ಒಂದು ಆ್ಯಪ್ ಮಾಡಿದೆ. ದಿನಾ ಸಂಜೆ ಆರಕ್ಕೆ ಅದು ಟಣ್ ಅನ್ನುತ್ತದೆ. ಏನು ಆಡಿದೆ, ಯಾವ ಕಾಯಿ ಕಳೆದುಕೊಂಡೆ ಎಂದು ಮಕ್ಕಳು ಬರೆಯಬೇಕು. ಅದು ಮನೆಯವರಿಗೆ ಮೆಸೇಜ್ ಆಗಿ ಹೋಗುತ್ತದೆ.

೧. ಕಳೆದ ಕುದುರೆ

ಮೂರನೇ ದಿನವೇ ಆ ಹುಡುಗಿಯ ಅಜ್ಜ ಫೋನು ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು. ಫೋನಿನಲ್ಲಿ ನನ್ನದೇ ಮೆಸೇಜು: 'ನಿಮ್ಮ ಮಗು ಇಂದು ಒಂದು ಕುದುರೆ ಕಳೆದುಕೊಂಡಿದೆ.'

"ಅಕ್ಕೋರ, ಎರಡ ಎತ್ತು, ಒಂದ ಎಮ್ಮಿ, ಒಂದ ಕರ. ಎಲ್ಲಾ ಬರೋಬ್ಬರಿ ಅದಾವು. ಈ ಕುದುರಿ ಯಾರದರಿ?"

"ಅದು ಆಟದ ಕುದುರಿ ರೀ ಅಜ್ಜಾರ."

ಅಜ್ಜ ಫೋನನ್ನು ಜೇಬಿಗೆ ಹಾಕಿದರು. "ಯಾರ್ದೋ ಕುದುರಿ ತಂದು ಕಳದಾಳಂತ ಹುಡುಗಿಗೆ ಬಾಯಿಗೆ ಬಂದಂಗ ಬೈದ ಬಿಟ್ಟೀನಲ್ರಿ. ನಿಮ್ಮ ಆಟದಾಗ ನಡದಿದ್ದ ಹಿಂದ ತಗೊಳ್ಳಾಕ ಬರತೈತೇನ್ರಿ?"

"ಬರೂದಿಲ್ರಿ."

"ಹಂಗಾರ ಅಕಿ ಕಡೆ ನೀವ ಬೈಸ್ಕೋರಿ," ಎಂದು ಎದ್ದು ಹೋದರು.

ಅವತ್ತೇ ಆ ಬರವಣಿಗೆಯನ್ನೆಲ್ಲ ಕಿತ್ತು ಹಾಕಿದೆ. ಇನ್ನು ಏನೂ ಬರೆಯುವುದು ಬೇಡ, 'ಆಡಿದೆ' ಎಂಬ ಹಸಿರು ಗುಂಡಿ ಒತ್ತಿದರೆ ಸಾಕು. ಜಾಣತನ ಮಾಡಿದೆ ಅಂದುಕೊಂಡೆ.

೨. ಮುಚ್ಚಬೇಕಾದ ಹೆಡ್ಮಾಸ್ತರು

ನಮ್ಮ ಹೆಡ್ಮಾಸ್ತರು ಆ್ಯಪನ್ನು ಮೇಲೆ ಕೆಳಗೆ ಸರಿಸಿ ನೋಡಿದರು. "ಅಗದಿ ಚಲೋ ಆಗೇತ್ರಿ. ಆದ್ರ ಇದರಾಗ ನಾನ ಇಲ್ಲಲ್ರಿ?"

ಹಾಕಿದೆ. ತೆರೆದ ಕೂಡಲೇ ಪರದೆ ತುಂಬ ಅವರ ಫೋಟೊ, ಮೀಸೆ ಸಮೇತ. ಮೂಲೆಯಲ್ಲಿ ಅದನ್ನು ಮುಚ್ಚಲು ಸಣ್ಣ ಇಂಟು ಗುರುತು. ಅದನ್ನು ಒತ್ತಿದರೇ ಆ್ಯಪ್ ಮುಂದೆ ಹೋಗುವುದು. ಮಕ್ಕಳು ಒಬ್ಬರನ್ನೊಬ್ಬರು ಕೇಳತೊಡಗಿದರು: "ಲೇ, ಹೆಡ್ ಸರನ್ನ ಮುಚ್ಚೀದೇನ?"

ಖುಷಿಯಲ್ಲಿ ಅವರು ಒಂದು ನಿಯಮವನ್ನೂ ಮಾಡಿದರು. "ನಾಳೆ ಯಾರ ತಕರಾರೂ ಬ್ಯಾಡ. ಮೂವತ್ತ ದಿನ ಯಾರು ಒಂದ ದಿನಾನೂ ಬಿಡದ ಆಡ್ತಾರ, ಅವರು ಶಿಬಿರಕ್ಕ. ಮಷೀನ್ ಹೇಳಿದ್ದ ಫೈನಲ್."

ಅವರು ಮಾತು ಮುಗಿಸುವ ಮೊದಲೇ ನಾನು ಹೂಂ ಅಂದಿದ್ದೆ. ನಮ್ಮ ಹುಡುಗಿ ದಿನಾ ಆಡುವವಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಆ ಊಟಕ್ಕೆ ನಾನೇ ಎಲೆ ಹಾಸಿದೆ.

೩. ಸೋಮವಾರ

ಎರಡು ವಾರದ ನಂತರ ನೋಡಿದರೆ ಅವಳ ಲೆಕ್ಕ ಐದಕ್ಕೆ ಬರುತ್ತದೆ, ಮತ್ತೆ ಒಂದರಿಂದ ಶುರುವಾಗುತ್ತದೆ. ಒಂದು ದಿನ ತಪ್ಪಿದರೂ ಮೊದಲಿನಿಂದ ಎಣಿಸು ಎಂದು ಆ್ಯಪಿಗೆ ನಾನೇ ಕಲಿಸಿದ್ದೆ. ಕೇಳಿದರೆ ಹುಡುಗಿ ನೆಲ ನೋಡಿದಳು. ಮನೆಗೇ ಹೋದೆ.

ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. "ಸೋಮಾರ ಎತ್ತ ಹೂಡೂದಿಲ್ಲ ಅನ್ನೂದು ನಿಮಗ ಗೊತ್ತಿಲ್ಲೇನ್ರಿ ಅಕ್ಕೋರ? ಬಸವಣ್ಣನ ವಾರ. ಎತ್ತಿಗೊಂದು ನ್ಯಾಯ, ಆನಿ ಕುದುರಿಗೊಂದು ನ್ಯಾಯ ಏನ್ರಿ? ಪಾಪ, ಅವೂ ವಾರೆಲ್ಲಾ ದುಡದಿರ್ತಾವು."

ಅಜ್ಜನ ಈ ಮಾತು ಊರಿಗೆಲ್ಲ ಸರಿ ಅನ್ನಿಸಿ, ಹನ್ನೆರಡರಲ್ಲಿ ಹನ್ನೊಂದು ಮಕ್ಕಳು ಸೋಮವಾರ ಕಾಯಿ ಮುಟ್ಟುತ್ತಿರಲಿಲ್ಲ. ನನ್ನ ತವರಲ್ಲೂ ಸೋಮವಾರ ಎತ್ತು ಕೊಟ್ಟಿಗೆ ಬಿಡುತ್ತಿರಲಿಲ್ಲ. ಆದರೆ ಆ್ಯಪಿಗೆ ನಾನು ಕೊಟ್ಟಿದ್ದು ರವಿವಾರದ ರಜೆ. ಓದಿದ್ದು ಹೆಚ್ಚಾಗಿತ್ತು.

ಓಡಿ ಹೋಗಿ ಹೆಡ್ಮಾಸ್ತರಿಗೆ ಹೇಳಿದೆ. "ನಿಯಮ ಬೋರ್ಡಿಗೆ ಹಚ್ಚೇವಲ್ರಿ," ಅಂದರು. "ಈಗ ತಿದ್ದಿದ್ರ ಮಂದಿ ಏನಂದಾರು? ಮಷೀನಿಗೆ ಸೋಮಾರ, ಮಂಗಳಾರ ಇರೂದಿಲ್ರಿ."

ಬೈಯೋಣ ಅನ್ನಿಸಿತು. ಆದರೆ ಆ ಮಷೀನು ನನ್ನದೇ.

೪. ಮೂವತ್ತಕ್ಕೆ ಮೂವತ್ತು

ಹನ್ನೆರಡನೆಯವನು ಕಿರಾಣಿ ಅಂಗಡಿಯವರ ಹುಡುಗ. ಮೂವತ್ತಕ್ಕೆ ಮೂವತ್ತು ದಿನ! ಕ್ಲಾಸಿಗೆ ಬರುವುದೇ ಅಪರೂಪ, ಆಡುವುದು ಯಾವಾಗ ಎಂದು ಸಂಜೆ ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆಯ ಮುಂದೆ ಅವನ ಅಜ್ಜಿ, ಊರಿಗೆಲ್ಲ ಆಯಿ, ಕೂತಿದ್ದರು. ಆರಾಯಿತು, ಫೋನು ಟಣ್ ಅಂತು. ಆಯಿ ಎರಡು ಸಲ ಕುಕ್ಕಿ ಕೆಳಗಿಟ್ಟರು.

"ಏನ ಒತ್ತಿದ್ರಿ ಆಯಿ?"

"ಯಾಂವೋ ಮೀಸಿಯಾಂವ ದಿನಾ ದೀಪಾ ಹಚ್ಚೂ ಹೊತ್ತಿಗೆ ಬಂದ ನಿಂದರ್ತಾನವಾ. ಅಂವನ್ನ ಮುಚ್ಚಿ ಹಸರ ಗುಂಡಿ ಒತ್ತಿದ್ರ ಸುಮ್ಮ ಆಗ್ತೈತಿ."

"ಮತ್ತ ಮೊಮ್ಮಗ?"

"ಅಂವ ಕ್ರಿಕೆಟ್ ಆಡಾಕ ಹೋಗಿರ್ತಾನ."

ಇದನ್ನೂ ಹೆಡ್ಮಾಸ್ತರಿಗೆ ಹೇಳಿದೆ, ಮೀಸೆಯ ಮಾತು ಬಿಟ್ಟು. "ಹೆಸರು ಕಳಿಸಿ ಆಗೇತ್ರಿ," ಅಂದರು. "ಮತ್ತ, ಮಷೀನ್ ಮಾಡಿದಾಕಿ ನೀವ ಅಲ್ರಿ?"

ಹೊರಡುವ ದಿನ ಹುಡುಗನನ್ನು ಧಾರವಾಡಕ್ಕೆ ಕರೆದೊಯ್ಯುವ ಜವಾಬ್ದಾರಿಯೂ ನನಗೇ ಬಿತ್ತು. ಬಸ್ ಸ್ಟ್ಯಾಂಡಿಗೆ ಬಂದರೆ ಕಲ್ಲುಬೆಂಚಿನ ಮೇಲೆ ಚೆಸ್ ಮಣೆ ಹಾಸಿದೆ. ಒಂದು ಕಡೆ ಅವನು, ಇನ್ನೊಂದು ಕಡೆ ನಮ್ಮ ಹುಡುಗಿ. ಅವನು ಕುದುರೆಯನ್ನು ನೆಟ್ಟಗೆ ಓಡಿಸುತ್ತಿದ್ದ. ಅವಳು ಪ್ರತಿ ಸಲವೂ ಅದನ್ನು ಹಿಂದಕ್ಕಿಟ್ಟು, "ಎರಡ ಮನಿ ಮುಂದ, ಒಂದ ಬಾಜೂಕ. ಅಲ್ಲಿ ಹೋಗಿ ಊರ ಮಾನ ಕಳೀಬ್ಯಾಡ," ಎಂದು ಕಲಿಸುತ್ತಿದ್ದಳು.

ನಾನು ಅವಳಿಗೆ ಕ್ಷಮಿಸು ಅನ್ನಬೇಕಿತ್ತು. ಅದು ಬಾಯಿಗೆ ಬರಲಿಲ್ಲ, ಬಂದದ್ದು ಬೇರೆಯೇ.

"ಏನಬೇ, ಇವತ್ತ ಸೋಮಾರ ಅಲ್ಲೇನ? ಕುದುರಿ ಹೂಡೀಯಲ್ಲ?"

ಅವಳು ತಲೆ ಎತ್ತಲಿಲ್ಲ. ಹುಡುಗನ ಕೈಯಿಂದ ಮತ್ತೆ ಕುದುರೆ ಕಸಿದುಕೊಂಡಳು.

"ಹೂಡಾಕತ್ತಿಲ್ರಿ ಅಕ್ಕೋರ. ದನಾ ಕಾಯಾಕತ್ತೀನಿ."