ಅಚ್ಚು ಬಡಿಯೋ ಕೈಯ ಫಜೀತಿ

ಕೈ ಮುರಿದವನ ಮುಂದ ಮಂದಿ ಯಾಕೋ ಭಾಳ ಶಾಣ್ಯಾ ಆಗ್ತಾರ. ನಾ ಸುರಪುರದಾಗ ಬಟ್ಟಿ ಮ್ಯಾಲ ಕಟಿಗಿ ಅಚ್ಚು ಬಡಿಯೋ ಮನಷಾ. ಎಡಗೈಲೆ ಅಚ್ಚು ಬಣ್ಣದಾಗ ಅದ್ದಿ ಬಟ್ಟಿ ಮ್ಯಾಲ ಇಡಬೇಕು, ಬಲಗೈ ಮುಷ್ಟಿಲೆ ಗುದ್ದಬೇಕು. ದಿನಾ ಪೂರ್ತಿ ಇದೇ ಗುದ್ದಾಟ. ಆ ಬಲಗೈನೇ ಹೋಯ್ತು ನೋಡ್ರಿ, ಅವತ್ತಿನಿಂದ ಒಂದಿಲ್ಲೊಂದು ನಡದೇ ಅದ.

ಹೊಸಾ ಬಾಗಲ

ಶಹಾಪುರ ಬಸ್ ಸ್ಟ್ಯಾಂಡ್ ಹತ್ರ ಬಟ್ಟಿ ಗಂಟು ಟೆಂಪೋದಾಗ ಏರಸಾಕತ್ತಿದ್ದೆ. ಡ್ರೈವರ್ ಹಿಂದಿನ ಬಾಗಲ ಧಡ್ ಅಂತ ಹಾಕಿದ. ನನ್ನ ಬಲಗೈ ಒಳಗ, ನಾ ಹೊರಗ. ನಾ ಚೀರಿದ್ದಕ್ಕ ಇಡೀ ಸ್ಟ್ಯಾಂಡೇ ಬಂದು ನಿಂತಿತು. ಡ್ರೈವರ್ ಓಡಿ ಬಂದವನು ಕೈ ನೋಡ್ಲಿಲ್ಲ, ಬಾಗಲ ತಡವಿ ನೋಡಿದ.

"ಪುಣ್ಯಾಕ್ಕ ಏನೂ ಆಗಿಲ್ಲ ಬಿಡ್ರಿ," ಅಂದ. "ಹೊಸಾ ಬಾಗಲ, ಮೊನ್ನಿನೇ ಹಾಕ್ಸಿದ್ದು."

ಮಾತಾಡ್ಸಾಕ ಬಂದವ್ರು

ಯಾದಗಿರಿಯೊಳಗ ಆಪರೇಷನ್ ಆಗಿ, ಕೈಯಾಗ ತಂತಿ ಹಾಕಿಸ್ಕೊಂಡು ಮನಿಗಿ ಬಂದೆ. ಮಾತಾಡ್ಸಾಕ ಬಂದವ್ರಿಗೆಲ್ಲಾ ಕೈ ಮುರಿದ ಸಂಬಂಧಿಕ ಒಬ್ಬ ಇದ್ದೇ ಇದ್ದ. ಓಣ್ಯಾಗಿನ ಹಿರ್ಯಾ ಒಬ್ರು ಅಂದ್ರು, "ನಮ್ಮ ಮಾವಂದೂ ಥೇಟ್ ಹಿಂಗೇ ಆಗಿತ್ತಪಾ."

"ಈಗ ಹೆಂಗದಾರ್ರಿ?"

"ತೀರಿಕೊಂಡ್ರು."

ನಾ ನನ್ನ ಕೈಯಾಗಿನ ತಂತಿ ನೋಡಿಕೊಂಡೆ. ಅವ್ರು ಚಾ ಪೂರ್ತಿ ಕುಡದು, ಬಸಿ ಕೆಳಗಿಟ್ಟು, ಆಮ್ಯಾಲ ಸಮಾಧಾನ ಹೇಳಿದ್ರು. "ಕೈಯಿಂದ ಅಲ್ಲ ಬಿಡೋ. ಹತ್ತಿಕುಣಿ ಕೆರಿ ದಂಡ್ಯಾಗ ಹಾವು ಕಡದಿತ್ತು."

ರೊಟ್ಟಿ

ತಂತಿ ತಗದ್ರು. ಎರಡು ಬೆರಳು ಮಡಚವಲ್ವು. "ಅಂಗೈಗಿ ದಿನಾ ಕೆಲಸ ಕೊಡ್ರಿ, ಇಲ್ಲಂದ್ರ ಹಿಂಗೇ ಸೆಟದು ಹೋಗ್ತದ," ಅಂದ್ರು ಡಾಕ್ಟರ್. ಅದೇ ವಾರ ನಾ ಅಚ್ಚು ಬಡಿಯೋ ಕಾರ್ಖಾನಿ ಮಾಲಕ ಚಾಚಾ ಬಂದ್ರು. "ಬೇಟಾ, ಮದುವಿ ಸೀಜನ್‌ಗೂ ಕೈ ಬರ್ಲಿಲ್ಲಂದ್ರ ನಾ ಬ್ಯಾರೇ ಮಂದಿನ್ನ ಹಚ್ಕೋಬೇಕಾಗ್ತದ."

ಅವತ್ತು ನನಗ ಊಟ ಸೇರಲಿಲ್ಲ. ಅಚ್ಚು ಬಿಟ್ರ ನನಗ ಬ್ಯಾರೇ ಏನೂ ಬರಂಗಿಲ್ರಿ. ಹೆಂಡ್ತಿ ಜೋಳದ ಹಿಟ್ಟಿನ ಪರಾತ ತಂದು ಮುಂದಿಟ್ಟಳು. "ಅಳೋದ್ ಬಿಟ್ಟು ರೊಟ್ಟಿ ಬಡೀರಿ. ಕೈಗಿ ಇದಕ್ಕಿಂತ ಕೆಲಸ ಬೇಕೇನು?"

ಬಲಗೈಲೆ ಬಡಿಬೇಕು, ಎಡಗೈಲೆ ಒಂದೀಟು ತಿರುಗಿಸಬೇಕು. ಬಡಿ, ತಿರುಗಿಸು. ನೋವಿಗಿ ಕಣ್ಣೀರು ಹಿಟ್ಟಿನಾಗ ಬೀಳ್ತಿತ್ತು. ಆಕಿ ಬೆಂದ ರೊಟ್ಟಿದು ಒಂದು ತುಣುಕು ಮುರಿದು ಬಾಯಾಗ ಹಾಕೊಂಡಳು.

"ಉಪ್ಪು ಬರೋಬರಿ ಬಿದ್ದದ."

ಗಿಣಿ

ಸೀಜನ್ ಬಂತು. ಮದುವಿ ಮನಿಯವರ ಚಾದರ, ಸುತ್ತಲೂ ಗಿಣಿ ಅಚ್ಚಿನ ಸಾಲು ಬಡಿಬೇಕು. ಚಾಚಾ "ನೋಡೋಣು" ಅಂತ ಅಚ್ಚು ಕೈಗಿ ಕೊಟ್ರು. ದೇವರನ್ನ ನೆನದು ಗುದ್ದಿದೆ. ಕೈ ಝುಂ ಅಂತು, ಆದ್ರ ಗಿಣಿ ಖಡಕ್ ಮೂಡಿತು! ಖುಷಿಗಿ ತಲಿ ಎತ್ತದಂಗ ಬಡಕೋಂತ ಹೋದೆ.

ಸಾಲು ಮುಗಿಸಿ ನೋಡ್ತೀನಿ, ಮೊದಲನೇ ಗಿಣಿ ನೆಟ್ಟಗ ಕುಂತದ. ಎರಡನೇದು ಕುಡದವ್ರಂಗ ವಾಲ್ಯದ. ಮೂರನೇದು ಅಡ್ಡ ಬಿದ್ದದ. ಅದರ ಮುಂದಿಂದು ತಲಿ ಕೆಳಗ, ಕಾಲು ಮ್ಯಾಲ. ಪ್ರತಿ ಗುದ್ದಿಗಿ ನನ್ನ ಎಡಗೈ ಅಚ್ಚನ್ನ ರೊಟ್ಟಿ ತಿರುಗಿಸಿದಂಗ ಒಂದೀಟು ತಿರುಗಿಸಿ ಇಟ್ಟಿತ್ತು!

ಚಾಚಾ ಕಣ್ಣಿಗಿ ಚಾಳೀಸ ಹಾಕೊಂಡು ಆ ಸತ್ತ ಗಿಣಿಗೋಳ್ನ ಭಾಳ ಹೊತ್ತು ನೋಡಿದ್ರು.

"ಚಾಚಾ, ಮನ್ಯಾಗ ದಿನಾ ರೊಟ್ಟಿ ಬಡದು ಬಡದು ಕೈ ಬಂದದಲ್ರಿ?"

"ಬಂದದ ಬೇಟಾ, ಪಕ್ಕಾ ಬಂದದ. ಆದ್ರ ನಿಂದಲ್ಲ, ನಿನ್ನ ಹೆಂಡ್ತಿ ಕೈ ಬಂದದ. ನಾಳಿಗಿ ಆಕಿನ್ನೇ ಕಳಸು."

ಕಾರ್ಖಾನಿ ಮಂದಿ ಹೊಟ್ಟಿ ಹಿಡಕೊಂಡು ನಕ್ಕರು, ನಾನೂ ನಕ್ಕೆ. ಚಾಚಾ ಒಬ್ರೇ ನಗಲಿಲ್ಲ.

ಈಗ ಆಕಿ ಅಚ್ಚು ಬಡಿಯಾಕ ಹೋಗ್ತಾಳ, ನಾ ಬುತ್ತಿ ಕಟ್ಟಿ ಕೊಡ್ತೀನಿ. ರೊಟ್ಟಿ ಭಾಳ ಛಲೋ ಆಗ್ಯಾವ ಅಂತ ಕಾರ್ಖಾನಿ ಮಂದಿ ಹೇಳಿ ಕಳಸ್ತಾರ.