ಭಾವಮೈದುನನ ಬೋಟಿಗೆ ನಾನು ಮಾಡಿದ ಚಿಕಿತ್ಸೆ

ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಆಗಿದೆಯೋ, ಇನ್ನೂ ನೀರಿದೆಯೋ, ಕೊಳೆತಿದೆಯೋ ನಾನು ಹೇಳಬಲ್ಲೆ. ಇಂಥ ಕಿವಿ ಇರುವವನಿಗೆ ಒಂದು ಡೀಸೆಲ್ ಎಂಜಿನ್ ಯಾವ ಲೆಕ್ಕ? ಹಾಗೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ನನ್ನ ಹೆಂಡತಿ ಸರ್ವಮಂಗಳೆಯ ತಮ್ಮ ಶಿವು, ನಾಲೆಯ ನೀರು ಬಂದು ನಮ್ಮೂರ ಕೆರೆ ತುಂಬಿದ್ದೇ ತಡ, ಕರಾವಳಿ ಕಡೆಯಿಂದ ಹಳೆಯ ಡೀಸೆಲ್ ಬೋಟೊಂದನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದ. ಜನರನ್ನು ಕೂರಿಸಿಕೊಂಡು ಕೆರೆ ಸುತ್ತಿಸುವ ಯೋಜನೆ. ಅದಕ್ಕೆ ಪಂಚಾಯ್ತಿಯ ಅನುಮತಿ ಬೇಕು. ಶನಿವಾರ ಪಿಡಿಒ ಮೇಡಂ ಎದುರು ಬೋಟು ಆಚೆ ದಡ ಮುಟ್ಟಿ ಚುರುಕಾಗಿ ವಾಪಸ್ ಬಂದರೆ ಅನುಮತಿ. ಬಾರದಿದ್ದರೆ ಬಂದ ಲಾರಿಯಲ್ಲೇ ಕರಾವಳಿಗೆ!

ಬುಧವಾರ ಶಿವು ನನ್ನನ್ನೂ ಪಕ್ಕದ ತೋಟದ ರುದ್ರಣ್ಣನನ್ನೂ ಅವನ ತಮ್ಮನನ್ನೂ ಕೂರಿಸಿಕೊಂಡು ಲಿವರ್ ಪೂರ್ತಿ ಎಳೆದ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಮೀಟರಿನಲ್ಲಿ, ಮೂರು ಸಾವಿರ ಮುಟ್ಟಬೇಕಾದ ಮುಳ್ಳು ಎರಡು ಸಾವಿರದ ನಾನೂರಕ್ಕೆ ನಿಂತುಬಿಟ್ಟಿತು.

"ನೆನ್ನೆ ನಾನೊಬ್ನೇ ಓಡಿಸ್ದಾಗ ಚೆನ್ನಾಗೇ ಹೋಯ್ತು ಭಾವ" ಎಂದ ಶಿವು.

"ನೆನ್ನೆ ಚೆನ್ನಾಗಿದ್ದೆ ಅಂತ ಎಲ್ಲಾ ರೋಗಿಗಳೂ ಹೇಳ್ತಾರೆ ಕಣ್ಲಾ" ಎಂದು ಅವನ ಬಾಯಿ ಮುಚ್ಚಿಸಿ ಎಂಜಿನ್ನಿಗೆ ಕಿವಿಯಿಟ್ಟೆ. ಕಿವಿ ಸುಟ್ಟಿತು. ಆದರೂ ತೀರ್ಪು ಕೊಟ್ಟೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದೆ!

ಕಿಬ್ಬನಹಳ್ಳಿಗೆ ಹೋಗಿ ಹೊಸ ಫಿಲ್ಟರ್ ತಂದು ಹಾಕಿದೆವು. ಮುಳ್ಳು ಒಂದು ಕೂದಲೆಳೆಯಷ್ಟೂ ಮೇಲೇರಲಿಲ್ಲ.

"ನಿನ್ ತಲೆ! ಅದಕ್ಕೆ ಗಾಳಿ ಸಿಗ್ತಿಲ್ಲ ಕಣ್ಲಾ. ನನ್ ಟ್ರ್ಯಾಕ್ಟ್ರಿಗೂ ಹಿಂಗೇ ಆಗಿತ್ತು" ಎಂದ ರುದ್ರಣ್ಣ, ಏರ್ ಕ್ಲೀನರ್ ಬಿಚ್ಚಿ ತೊಳೆದ. ತನ್ನ ವಿಜಯಕ್ಕೆ ಸಾಕ್ಷಿಯಾಗಿರಲಿ ಎಂದು ಟ್ರ್ಯಾಕ್ಟರ್ ಇರುವ ಇಬ್ಬರು ಗೆಳೆಯರನ್ನೂ ಹತ್ತಿಸಿಕೊಂಡ. ಮುಳ್ಳು ಎರಡು ಸಾವಿರಕ್ಕೆ ಇಳಿಯಿತು!

ಶುಕ್ರವಾರ ಹುಳಿಯಾರಿನಿಂದ ಪಂಪ್‌ಸೆಟ್ ಮೆಕ್ಯಾನಿಕ್ ಬಾಷಾನನ್ನು ಕರೆಸಿದೆವು. ಅವನು ನೀರಿಗಿಳಿದು, ಬೋಟಿನಡಿಯ ಫ್ಯಾನಿಗೆ ಸುತ್ತಿಕೊಂಡಿದ್ದ ಜೊಂಡು ಕಿತ್ತು, "ಈಗ ನೋಡಿ ಸಾರ್" ಎಂದು ತನ್ನ ಕಬ್ಬಿಣದ ಪೆಟ್ಟಿಗೆಯ ಸಮೇತ ಹತ್ತಿದ. ಆ ಪೆಟ್ಟಿಗೆ ಎತ್ತಲು ಇಬ್ಬರು ಬೇಕು. ಮುಳ್ಳು ಸಾವಿರದ ಏಳುನೂರು! ನಾವು ಔಷಧಿ ಕೊಟ್ಟಷ್ಟೂ ರೋಗಿ ನೆಲ ಹಿಡಿಯುತ್ತಿದ್ದ.

ಅಂದು ಊಟಕ್ಕೆ ಕೂತಾಗ ಸರ್ವಮಂಗಳೆ ಮುದ್ದೆಯನ್ನು ತಟ್ಟೆಗೆ ಇಡಲಿಲ್ಲ, ಎಸೆದಳು. "ನನ್ ತಮ್ಮ ಆಸೆಪಟ್ಟು ತಂದವ್ನೆ. ಆ ಬೋಟೇನಾದ್ರೂ ವಾಪಸ್ ಹೋದ್ರೆ ನಾನೂ ಅದೇ ಲಾರಿ ಹತ್ತಿ ತವರಿಗೆ ಹೋಯ್ತೀನಿ ಕಣ್ರೀ!"

"ಲಾರಿ ನಿಮ್ಮೂರಿನ ಕಡೆ ಹೋಗಲ್ಲ ಕಣೇ" ಎಂದೆ. ಎನ್ನಬಾರದಿತ್ತು. ಸಾರು ಬರಲಿಲ್ಲ.

ಶನಿವಾರ ಮೇಡಂ ಏರಿಯ ಮೇಲೆ ಬಂದು ನಿಂತರು, ಪಕ್ಕದಲ್ಲಿ ಸರ್ವಮಂಗಳೆಯೂ. ಶಿವು ಲಿವರ್ ಹಿಡಿದ. ಯಾವ ಕ್ಷಣದಲ್ಲಿ ಏನಾಗುವುದೋ ಎಂದು ನಾವು ಆರು ಮಂದಿ ತಜ್ಞರೂ ಪೆಟ್ಟಿಗೆಯೂ ಎಂಜಿನ್ನಿನ ಸುತ್ತಲೇ ಕೂತೆವು. ಬೋಟಿನ ಮೂತಿ ಆಕಾಶ ನೋಡಿತು, ಹಿಂಭಾಗ ನೀರು ಕುಡಿಯಿತು. ಕಪ್ಪು ಹೊಗೆ ಕಾರುತ್ತಾ ಹೊರಟೆವು. ನೀರುಕೋಳಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು! ಅರ್ಧ ಕೆರೆಯಿಂದಲೇ ತಿರುಗಿ ಬರುವಷ್ಟರಲ್ಲಿ ಮೇಡಂ ಒಂದು ಎಳನೀರು ಕುಡಿದು, ಅದರೊಳಗಿನ ಗಂಜಿ ತಿಂದು, ಬುರುಡೆಯನ್ನೂ ಎಸೆದಿದ್ದರು.

"ಇದು ಬೋಟಾ, ತೆಪ್ಪನಾ?" ಎಂದರು.

ಶಿವುವಿನ ಕಣ್ಣು ತುಂಬಿತ್ತು. "ಒಂದೇ ಒಂದು ಪರೀಕ್ಷೆ ಬಾಕಿ ಇದೆ ಮೇಡಂ" ಎಂದು ಘೋಷಿಸಿದೆ. ಎಲ್ಲರನ್ನೂ ಪೆಟ್ಟಿಗೆ ಸಮೇತ ದಡಕ್ಕೆ ಇಳಿಸಿದೆ. ಮಾತಿನ ಗದ್ದಲವಿಲ್ಲದೆ ಹೊರಗಿನಿಂದ ಎಂಜಿನ್ನಿನ ಸದ್ದು ಕೇಳಬೇಕಿತ್ತು. ಹಾಗಾಗಿ ನಾನೂ ಇಳಿದು, ಸೊಂಟದುದ್ದ ನೀರಿನಲ್ಲಿ ಬೋಟಿನ ಪಕ್ಕ ನಿಂತೆ. ಕೈ ಚಾಚಿ ಲಿವರ್ ಪೂರ್ತಿ ಎಳೆದು, ತೆಂಗಿನ ನಾರಿನ ಹಗ್ಗದಿಂದ ಬಿಗಿದೆ.

ಬೋಟು ಹೋಯಿತು!

ಹೋಯಿತು ಎಂದರೆ, ನನ್ನ ಕೈಗೆ ಹಗ್ಗದ ತುದಿಯನ್ನೂ ಬಾಯಿಗೆ ಕೆರೆಯ ನೀರನ್ನೂ ಕೊಟ್ಟು, ಯಾರೂ ಇಲ್ಲದೆ, ಕೆರೆಯನ್ನು ಎರಡು ಸೀಳು ಮಾಡಿಕೊಂಡು ಹೋಯಿತು. "ಹಿಡೀರೀ ಅದನ್ನ!" ಎಂದು ಸರ್ವಮಂಗಳೆ ಏರಿಯ ಮೇಲಿಂದ ಕೂಗಿದಳು. ಯಾರು ಹಿಡಿಯುತ್ತಾರೆ? ಆಚೆ ದಡದ ಜೊಂಡಿನ ಕೆಸರಿಗೆ ನುಗ್ಗಿ ಎರಡು ಸಲ ಕೆಮ್ಮಿ ತಾನೇ ನಿಂತಿತು. ಶಿವು ಬೈಕಿನಲ್ಲಿ ಸುತ್ತಿಕೊಂಡು ಹೋಗಿ, ಅದನ್ನು ಕೆಸರಿನಿಂದ ತಳ್ಳಿ, ಒಬ್ಬನೇ ಕೂತು ಓಡಿಸಿಕೊಂಡು ಬಂದ. ಹೊಗೆಯಿಲ್ಲ. ಮುಳ್ಳು ಮೂರು ಸಾವಿರದ ಮೇಲೆ!

"ಸಾರ್, ಎಂಜಿನ್ ಸರಿಯಾಗೇ ಐತೆ. ನಾವೇ ಭಾರ ಆಗಿದ್ವಿ ಅನ್ಸುತ್ತೆ" ಎಂದ ಬಾಷಾ ಮೆಲ್ಲಗೆ. 'ನಾವೇ' ಎನ್ನುವಾಗ ಅವನು ನೋಡಿದ್ದು ನನ್ನ ಹೊಟ್ಟೆಯನ್ನು.

ಲಿವರಿಗೆ ಹಗ್ಗ ಕಟ್ಟಿದ್ದಕ್ಕೆ ಮೇಡಂ ನನಗೆ ಚೆನ್ನಾಗಿ ಬೈದರು. ಬೈದು, ಶಿವುವಿಗೆ ಅನುಮತಿ ಕೊಟ್ಟರು. ಎಲ್ಲರಿಗೂ ಲೈಫ್ ಜಾಕೆಟ್ ಇರಬೇಕು, ಎಷ್ಟು ಜನ ಹತ್ತಬಹುದು ಎಂದು ಬೋರ್ಡು ಬರೆಸಬೇಕು ಎಂಬ ಷರತ್ತು ಹಾಕಿದರು.

ಈಗ ಬೋಟು ಜೋರಾಗಿ ಓಡುತ್ತಿದೆ. ಸರ್ವಮಂಗಳೆ ದಿನವೂ ಸಾರು ಬಡಿಸುತ್ತಿದ್ದಾಳೆ. ದಡದ ಮೇಲೆ ಶಿವು ಸ್ವಂತ ಕೈಯಿಂದ ಬರೆದ ಬೋರ್ಡು ನಿಂತಿದೆ: "ಒಮ್ಮೆಗೆ ನಾಲ್ಕು ಜನ ಮಾತ್ರ. ನಮ್ಮ ಭಾವ ಹತ್ತಿದ್ದರೆ ಇಬ್ಬರು."